ಗೇಟು ಎಷ್ಟು ಎತ್ತಬೇಕು

ಕಲ್ಲೊಂದು ನಮ್ಮ ನೀರಾವರಿ ಕಚೇರಿಯ ಕಿಟಕಿಯ ಗಾಜು ಒಡೆದು ಕೀಬೋರ್ಡ್ ಪಕ್ಕಕ್ಕೆ ಬಿದ್ದಾಗಲೂ ನಾನು ನೀಲಕಂಠನ ಜೊತೆ ಮಾತು ಬಿಟ್ಟೇ ಇದ್ದೆ. ನಮ್ಮ ಪ್ರೀತಿಯ ವಿಷಯ ನಿನ್ನ ಅಣ್ಣನಿಗೆ ಹೇಳು ಎಂದು ಅವನು, ಈಗಲೇ ಬೇಡ ಎಂದು ನಾನು. ದೊಡ್ಡ ಜಗಳವಾಗಿತ್ತು.

ಬೀಚನಹಳ್ಳಿ ಆಚೆಯ ಕಾಲುವೆಗೆ ಬೇಕಾದಷ್ಟು ನೀರು ಬಿಡಲು ಗೇಟು ಎಷ್ಟು ಎತ್ತಬೇಕೆಂದು ಹುಡುಕುವ ಪ್ರೋಗ್ರಾಂ ನಮ್ಮಿಬ್ಬರದು. ಸೂತ್ರ ಅವನದು, ಅದರ ಡೆರಿವೇಟಿವ್, ಅಂದರೆ ಗೇಟು ಚೂರು ಎತ್ತಿದರೆ ನೀರು ಎಷ್ಟು ಏರುತ್ತದೆಂಬ ಲೆಕ್ಕ, ನನ್ನದು. ಒಂದು ಅಂದಾಜಿನಿಂದ ಹೊರಟು, ಡೆರಿವೇಟಿವ್ ಹೇಳಿದಂತೆ ಹೆಜ್ಜೆ ಹಾಕುತ್ತಾ ಅದು ಉತ್ತರ ಮುಟ್ಟಬೇಕು. ಜಗಳದ ದಿನ "ಪ್ರೋಗ್ರಾಂನಲ್ಲಿ ನಾನು ಬರೆದ ಸಾಲು ಮುಟ್ಟಬೇಡ" ಎಂದು ನಾನೇ ಕಿರುಚಿದ್ದೆ.

ಇವತ್ತು ಆ ಪ್ರೋಗ್ರಾಂ ಹುಚ್ಚು ಹಿಡಿದಂತೆ ಒಮ್ಮೆ ಮೈನಸ್, ಒಮ್ಮೆ ಗೇಟಿಗಿಂತ ಎತ್ತರದ ಅಂಕಿ ತೋರಿಸುತ್ತಿತ್ತು. ಕಣ್ಣಂದಾಜಿಗೆ ಎತ್ತಿದರೆ ಕಾಲುವೆಯ ಏರಿ ಒಡೆದೀತು. ಹಾಗಾಗಿ ಗೇಟು ಮುಚ್ಚಿಯೇ ಇತ್ತು, ಕಾಲುವೆ ಕೊನೆಯ ಊರಿನವರು ಬಾಗಿಲು ಒದೆಯುತ್ತಿದ್ದರು. ಎಲ್ಲರಿಗಿಂತ ಮುಂದೆ ನನ್ನ ಅಣ್ಣ ಮಾದೇವ.

ಎರಡನೆಯ ಕಲ್ಲು ನೀಲಕಂಠನ ಹುಬ್ಬು ಸೀಳಿತು. ರಕ್ತ ಒರೆಸಿಕೊಳ್ಳದೆ ಅವನು ನನ್ನನ್ನೇ ನೋಡಿದ. ನಾನು ಕುರ್ಚಿ ಎಳೆದು ಅವನ ಪಕ್ಕ ಕೂತೆ.

"ಪ್ರೋಗ್ರಾಂನಲ್ಲಿ ಗೇಟನ್ನ ಕೂದಲೆಳೆಯಷ್ಟು ಜಾಸ್ತಿ ಮಾಡು," ಎಂದೆ. "ನಿನ್ನ ಸೂತ್ರದಲ್ಲಿ ನೀರು ಎಷ್ಟು ಏರತ್ತೆ, ನನ್ನ ಡೆರಿವೇಟಿವ್ ಎಷ್ಟು ಅನ್ನತ್ತೆ?"

ಎರಡಕ್ಕೂ ತಾಳೆಯೇ ಇರಲಿಲ್ಲ.

"ಸೂತ್ರ ಬದಲಾಯಿಸಿದ್ಯಾ?"

"ಗೇಟಿನ ಆಚೆ ಕಾಲುವೇಲಿ ನೀರು ನಿಂತು ಎದುರು ತಳ್ಳತ್ತಲ್ಲ, ಅದನ್ನ ಸೇರಿಸ್ದೆ ಕಣೇ. ನಿನ್ನ ಸಾಲು ಮುಟ್ಲಿಲ್ಲ."

"ಹೇಳೋಕೆ ಬಾಯಿಗೇನಾಗಿತ್ತು?"

"ನೀನು ಮುಖ ನೋಡಿದ್ರೆ ತಾನೆ?"

ಕೆನ್ನೆಗೆ ಬಾರಿಸಿದೆ. ಆಮೇಲೆ ಅಳುತ್ತಲೇ ಹೊಸ ಸೂತ್ರಕ್ಕೆ ಸರಿಯಾಗಿ ನನ್ನ ಸಾಲು ತಿದ್ದಿದೆ. ಅಂಕಿ ಹೊಯ್ದಾಡುವುದು ಬಿಟ್ಟು ಒಂದೆಡೆ ನಿಂತಿತು. ಅವನು ಆ ಅಂಕಿಯನ್ನು ಗೇಟಿನವರಿಗೆ ಫೋನ್‌ನಲ್ಲಿ ಹೇಳಿದ.

ಅಷ್ಟರಲ್ಲಿ ಬಾಗಿಲು ಮುರಿದು ಬಿತ್ತು. ಅಣ್ಣ ಗುದ್ದಲಿ ಕಾವು ಎತ್ತಿಕೊಂಡು ನುಗ್ಗಿದ.

"ಯಾವೋನ್ಲಾ ನೀರು ತಡ್ದೋನು?"

"ನಾನೇ," ಎಂದ ನೀಲಕಂಠ.

ಕಾವು ಅವನ ಭುಜಕ್ಕೆ ಅಪ್ಪಳಿಸಿತು. ಮತ್ತೆ ಎತ್ತಿದಾಗ ನಾನು ಅಡ್ಡ ಹೋದೆ. ಏಟು ನನ್ನ ಮುಂಗೈಗೆ ಬಿತ್ತು, ಬಳೆಗಳು ಚೂರಾಗಿ ಮಾಂಸಕ್ಕೆ ಹೊಕ್ಕವು.

"ತಪ್ಪು ಇಬ್ರದೂ ಕಣಣ್ಣ! ನೀರು ಬಿಟ್ಟಾಯ್ತು, ಸಾಕು ಬುಡು!"

"ಮಂಗಳಾ! ಇವ್ನಿಗೋಸ್ಕರ ಏಟು ತಿಂತೀಯೇನೇ?"

"ತಿಂತೀನಿ. ಮದ್ವೆ ಅಂತಾದ್ರೆ ಇವ್ನನ್ನೇ. ಕೊಲ್ಲೋದಾದ್ರೆ ಇಬ್ರನ್ನೂ ಕೊಲ್ಲು."

ಅಣ್ಣನ ಕೈಯಲ್ಲಿ ಕಾವು ಹಾಗೇ ನಿಂತಿತು. ನನ್ನ ರಕ್ತ ನೋಡಿ ಅವನು ಅದನ್ನು ಕೆಳಗಿಳಿಸಿದ.

ನೀಲಕಂಠ ಮಾತ್ರ, ಅರ್ಧ ಮುಖ ಕೆಂಪಾಗಿದ್ದವನು, ನನ್ನನ್ನು ನೋಡಿ ನಕ್ಕುಬಿಟ್ಟ. ಇಂಥ ಹೊತ್ತಲ್ಲಿ ನಗ್ತಾನಲ್ಲ ಎಂದು ಇನ್ನೊಂದು ಬಾರಿಸಬೇಕೆನಿಸಿತು, ಕೈ ಏಳಲಿಲ್ಲ. ಅಣ್ಣನ ಎದುರಿಗೇ ಅವನ ಎದೆಗೆ ಒರಗಿದೆ.