ದರದ ಹಲಗೆಯ ವಿಭೂತಿ

“ಕಾಕಾ, ನಾಳಿಗೆ ನನ್ನ ನೌಕರಿ ಹೋಗತೈತಿ. ಮ್ಯಾಲ ಕಳ್ಳಿ ಅಂತ ಹೆಸರು ಬ್ಯಾರೆ,” ಎಂದಳು ಸಂಘಮಿತ್ರಾ.

ನಿವೃತ್ತ ಪೊಲೀಸ್ ಫೌಜದಾರ ಚನಮಲ್ಲಪ್ಪ ಅಡಕೆ ಕತ್ತರಿಸುವುದನ್ನು ನಿಲ್ಲಿಸಿದರು. ಅವರ ಮಹಡಿಯಲ್ಲಿ ಬಾಡಿಗೆಗಿದ್ದ ನಾನು ಎಂದಿನಂತೆ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದೆ.

ಸಂಘಮಿತ್ರಾ ಜಮಖಂಡಿಯ ಸ್ಕ್ಯಾನಿಂಗ್ ಸೆಂಟರಿನ ಕೌಂಟರಿನವಳು. ಅಲ್ಲಿ ಯಾರೋ ರೋಗಿಗಳಿಂದ ಹೆಚ್ಚು ಹಣ ಕೀಳುತ್ತಿದ್ದಾರೆಂಬ ದೂರು ಬಂದು, ಮಾಲೀಕ ಡಾಕ್ಟರ್ ನೀಲಕಂಠ ಸ್ಕ್ಯಾನಿನ ದರಗಳನ್ನು ಕಟ್ಟಿಗೆಯ ಹಲಗೆಯ ಮೇಲೆ ಬರೆಸಿದ್ದರು. ಅಮಾವಾಸ್ಯೆಯ ಸಂಜೆ ಯಂತ್ರದ ಜೊತೆ ಹಲಗೆಗೂ ವಿಭೂತಿ ಹಚ್ಚಿ ಪೂಜೆಯಾಯಿತು; ಸಂಘಮಿತ್ರಾ ಅದಕ್ಕೆ ನಿಲ್ಲದೆ ಮನೆಗೆ ಹೋಗಿದ್ದಳು. ಬೆಳಿಗ್ಗೆ ನೋಡಿದರೆ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ಬೀಗದ ಕೈ ಇದ್ದದ್ದು ಇವಳ ಬಳಿ, ಮ್ಯಾನೇಜರ್ ಬಸವಕುಮಾರನ ಬಳಿ, ಯಂತ್ರ ನಡೆಸುವ ಶಿವಾಜಿಯ ಬಳಿ.

“ಪೂಜಿಗೆ ನೀ ಯಾಕ ನಿಲ್ಲಲಿಲ್ಲ?”

“ನಮ್ಮ ಮನ್ಯಾಗ ಆ ಪದ್ಧತಿ ಇಲ್ರಿ. ಅದಕ್ಕ ಎಲ್ಲಾರೂ ನನ್ನ ಕಡೆನ ನೋಡಾಕತ್ತಾರ.”

“ನೀ ಒಯ್ದಿದ್ರ ಒಲಿಗೆ ಹಾಕತಿದ್ದಿ. ವಿಭೂತಿಗೆ ಅಂಜಾಂವ ಹಂಗ ಮಾಡಾಂಗಿಲ್ಲ.” ಚನಮಲ್ಲಪ್ಪ ನನ್ನತ್ತ ತಿರುಗಿದರು. “ನಡೀಪಾ, ಒಡದ ದೇವರ ಪಟ ಬಿಡೂ ಹೊಳಿಗೆ.”

ಗಲಗಲಿಯ ಹೊಳೆದಂಡೆಯ ಮರದ ಬುಡದಲ್ಲಿ, ಒಡೆದ ಗಾಜಿನ ದೇವರ ಪಟಗಳ ನಡುವೆ, ಚೌಕಳಿ ಚಾದರದಲ್ಲಿ ಸುತ್ತಿದ ಹಲಗೆ ಸಿಕ್ಕಿತು.

“ನೀರಿಗೆ ಬಿಟ್ಟಿದ್ರ ತೇಲಿ ಮಂದಿ ಕಣ್ಣಿಗೆ ಬೀಳತಿತ್ತು, ಅದಕ್ಕ ಇಲ್ಲಿ ಇಟ್ಟಾನ,” ಎಂದರು ಚನಮಲ್ಲಪ್ಪ.

ಮರುದಿನ ಸೆಂಟರಿನ ಒಳಬಾಗಿಲಲ್ಲಿ ಅವರು ಒಂದರ ಹಿಂದೊಂದು ಎರಡು ಗಂಟು ಅಡ್ಡಲಾಗಿ ಇಡಿಸಿದರು. ಮುಂದಿನದು ಗೋಣಿಚೀಲದ್ದು, ಹಿಂದಿನದು ಹಲಗೆಯಿದ್ದ ಅದೇ ಚಾದರದ್ದು. ಡಾಕ್ಟರು, ಶಿವಾಜಿ, ಸಂಘಮಿತ್ರಾ ಎರಡನ್ನೂ ದಾಟಿ ಬಂದರು. ಬಸವಕುಮಾರ ಗೋಣಿಚೀಲ ದಾಟಿದ. ಚಾದರದ ಮುಂದೆ ಎತ್ತಿದ ಕಾಲು ಇಳಿಸಿ, ಗೋಡೆಗೆ ಮೈ ಒತ್ತಿಕೊಂಡು ಬದಿಯಿಂದ ಸರಿದು ಬಂದ.

“ಯಾಕ್ರೀ ಮ್ಯಾನೇಜರ್ರ, ಅದರಾಗ ಏನೈತಿ?”

“ನನಗೇನ್ ಗೊತ್ರಿ?”

“ಗೊತ್ತಿಲ್ದಾರು ದಾಟಿದ್ರು.” ಚನಮಲ್ಲಪ್ಪ ಚಾದರ ಬಿಚ್ಚಿದರು. ವಿಭೂತಿ ಅಳಿಸಿರಲಿಲ್ಲ. “ಇದನ್ನ ಕಸದಾಗ ಒಗಿಯಾಕ ನಿನ್ನ ಕೈ ಬರಲಿಲ್ಲ. ಇವತ್ತ ದಾಟಾಕ ಕಾಲೂ ಬರಲಿಲ್ಲ. ಹಳ್ಳಿ ಮಂದಿ ಹತ್ರ ಬಾಗಲದಾಗ ಹೆಚ್ಚಿಗಿ ಇಸಗೊಳ್ಳಾಂವ ನೀನ. ದರ ಗ್ವಾಡಿ ಮ್ಯಾಲ ಬಂದ್ರ ಕೇಳಾಕ ಬರತಿದ್ದಿಲ್ಲ. ಹೌದಲ್ಲೋ?”

ಬಸವಕುಮಾರ ಡಾಕ್ಟರರತ್ತ ನೋಡಿದ. “ಪೇಶಂಟ್ ಕಳಸೋ ಡಾಕ್ಟರಗೋಳಿಗೆ ಕಮಿಷನ್ ಮುಟ್ಟಸು ಅಂದ್ರಿ. ಎಲ್ಲಿಂದ ಅಂತ ಒಂದಿನಾನೂ ಕೇಳಲಿಲ್ಲಲ್ರಿ, ಸಾಹೇಬ್ರ?”

ನೀಲಕಂಠ ಬೆಂಚಿನ ಮೇಲೆ ಕಾಯುತ್ತಿದ್ದವರತ್ತ ನೋಡಿ, “ಮೆಲ್ಲಕ ಮಾತಾಡು,” ಎಂದರು. ಅದು ತಿಳಿಯದವನ ಮಾತಲ್ಲ.

ಸಂಘಮಿತ್ರಾ ಹಲಗೆಯನ್ನೆತ್ತಿ ಮೊಳೆಗೆ ತೂಗುಹಾಕಿದಳು. ಬೆಂಚಿನ ಮೇಲೆ ಗಂಡನ ಸ್ಕ್ಯಾನ್ ರಿಪೋರ್ಟಿಗಾಗಿ ಕಾಯುತ್ತಿದ್ದ ಬನಹಟ್ಟಿಯ ಕೆಂಪವ್ವ ಕೇಳಿದಳು: “ಏನ್ ಬರದೈತಿ, ಓದವಾ.”

ತಲೆಯ ಸ್ಕ್ಯಾನಿನ ದರವನ್ನು ಸಂಘಮಿತ್ರಾ ಓದಿದಳು. ಕೆಂಪವ್ವ ಬರಿದಾದ ಕಿವಿ ಮುಟ್ಟಿಕೊಂಡಳು.

“ಇನ್ನೊಮ್ಮೆ ಓದು. ಡಾಕ್ಟರಪ್ಪಗ ಕೇಳೂಹಂಗ ಓದು. ಸ್ಕ್ಯಾನಿಗೆ ಅಂತ ಒತ್ತಿ ಇಟ್ಟ ನನ್ನ ಕಿವಿ ಬೆಂಡವಾಲಿ ಅವರೇ ಬಿಡಿಸಿ ಕೊಡ್ಲಿ.”

ಸಂಘಮಿತ್ರಾ ಗಟ್ಟಿಯಾಗಿ ಓದಿದಳು.