ಎರಡನೇ ಗುಂಡು

“ಸರಿ ಮಾಡು. ಇಲ್ಲಾಂದ್ರೆ ಈಯಮ್ಮನ ಕತ್ತು ಹೋಗುತ್ತೆ.”

ಉದಯಶಂಕರ್ ಚಾಕುವನ್ನು ಐರೀನಕ್ಕನ ಗಂಟಲಿಗೆ ಒತ್ತಿ ಹಿಡಿದಿದ್ದ.

ನನ್ನ ಮುಂದೆ ಟೇಬಲ್ ಮೇಲೆ ರೈಫಲ್. ಪಕ್ಕದಲ್ಲಿ ಐರೀನಕ್ಕ ನನಗೆಂದು ತಂದ, ಇಡ್ಲಿಯಂಥ ‘ಸಣ್ಣ’ಗಳ ಡಬ್ಬಿ. ಆ ಡಬ್ಬಿ ಕೊಡಲು ಬಂದದ್ದೇ ತಪ್ಪಾಯಿತು ಅವರಿಗೆ.

ನಾನು ಶರಣಬಸವ. ವಿಜಯಪುರದವನು, ಈಗ ಇರುವುದು ವಿಲಾಯತಿಯಲ್ಲಿ. ಗ್ರೀನ್‌ಫರ್ಡ್‌ನ ಈ ಗೋಡೌನ್‌ನಿಂದ ಸಿನಿಮಾದವರಿಗೆ ಬಂದೂಕುಗಳು ಬಾಡಿಗೆಗೆ ಹೋಗುತ್ತವೆ. ಲೈಸೆನ್ಸ್ ಇದೆ, ಗಾಬರಿಯಾಗಬೇಡಿ. ಮಾಲೀಕರು ಪೈಯಸ್, ಕಾರ್ಕಳದ ಕಡೆಯವರು. ಐರೀನಕ್ಕ ಅವರ ಹೆಂಡತಿ. ಕೆಟ್ಟ ಬಂದೂಕೆಲ್ಲ ನನ್ನ ಟೇಬಲ್‌ಗೆ. ಯಾರೂ ಕಲಿಸಿದ ವಿದ್ಯೆಯಲ್ಲ. ಬಿಚ್ಚಿ, ಬೈಸಿಕೊಂಡು, ಮತ್ತೆ ಜೋಡಿಸಿ ಕಲಿತದ್ದು.

ಉದಯಶಂಕರ್ ನಮ್ಮ ವ್ಯಾನ್ ಓಡಿಸುತ್ತಿದ್ದ. ನಮ್ಮ ಬಂದೂಕುಗಳನ್ನೇ ಕದ್ದು ಗ್ಯಾಂಗಿನವರಿಗೆ ಮಾರುತ್ತಿದ್ದ. ಪೈಯಸ್ ಕಣ್ಣಾರೆ ಕಂಡರು. ಇವನು ಜಾಮೀನಿನ ಮೇಲೆ ಹೊರಗಿದ್ದ. ನಾಳೆ ಕೋರ್ಟಿನಲ್ಲಿ ಪೈಯಸ್ ಸಾಕ್ಷಿ. ಇವತ್ತು ಭಾನುವಾರ, ಇಬ್ಬರು ಪೊಲೀಸರನ್ನು ಅಕ್ಕಪಕ್ಕ ಇಟ್ಟುಕೊಂಡು ಕಿಂಗ್ಸ್‌ಬರಿಯ ಚರ್ಚಿಗೆ ಬಲಿಪೂಜೆಗೆ ಹೋಗಿದ್ದರು.

“ಪೂಜೆ ಮುಗಿಸಿ ಹೊರಗೆ ಬರ್ತಾನಲ್ಲ, ಆಗ ವ್ಯಾನಿಂದ ಹೊಡೀತೀನಿ,” ಎಂದ. “ಪಕ್ಕದಲ್ಲಿ ಪೊಲೀಸ್ ಇರ್ತಾರೆ ಗುರು. ಒಂದು ತಪ್ಪಿದ್ರೆ ಹಿಂದೇನೇ ಇನ್ನೊಂದು ಹೋಗ್ಬೇಕು. ಇದು ಒಂದು ಹೊಡೆದು ಕೂತ್ಬಿಡುತ್ತೆ.”

ಆಗಲೇ ನಮ್ಮ ಮರಳಿನ ಡ್ರಮ್ಮಿಗೆ ಹೊಡೆದು ನೋಡಿದ್ದ. ಇಲ್ಲಿ ಗುಂಡಿನ ಸದ್ದು ದಿನಾ ಇರುತ್ತದೆ. ಅಕ್ಕಪಕ್ಕದವರು ತಿರುಗಿಯೂ ನೋಡುವುದಿಲ್ಲ.

ಅದು ಎರಡನೇ ಮಹಾಯುದ್ಧದ ಅಮೆರಿಕನ್ ರೈಫಲ್. ನಿಜವಾದ ಗುಂಡು ಹಾರಿಸುವಂಥದ್ದು ಅವತ್ತು ಗೋಡೌನ್‌ನಲ್ಲಿ ಅದೊಂದೇ ಉಳಿದಿತ್ತು. ಗುಂಡು ಹಾರಿದ ಗ್ಯಾಸೇ ಬೋಲ್ಟನ್ನು ಹಿಂದಕ್ಕೆ ತಳ್ಳಬೇಕು, ಖಾಲಿ ತೋಟಾ ಹೊರಗೆ ಹಾರಬೇಕು, ಮುಂದಿನದು ತಾನಾಗಿಯೇ ಒಳಗೆ ಬರಬೇಕು. ಇದರ ಬೋಲ್ಟು ಅರ್ಧ ದಾರಿಯಲ್ಲೇ ನಿಲ್ಲುತ್ತಿತ್ತು. ಖಾಲಿ ತೋಟಾ ಬಾಯಲ್ಲೇ ಸಿಕ್ಕಿಕೊಳ್ಳುತ್ತಿತ್ತು.

“ಸ್ಪ್ರಿಂಗ್ ಸತ್ತಿರಬೇಕು,” ಎಂದೆ. ಹೊತ್ತು ಕಳೆಯಬೇಕಲ್ಲ.

ಬಿಚ್ಚಿ ಎಳೆದು ನೋಡಿದೆ. ಗಟ್ಟಿಯಾಗಿತ್ತು.

“ಗ್ಯಾಸಿನ ತೂತು ಕಟ್ಟೇತೇನೋ.”

ಇಣುಕಿದೆ. ಸ್ವಚ್ಛ.

“ನಿನ್ನ ಗುಂಡೇ ಹಳೇವು ಅದಾವ ನೋಡು.”

“ಹೊಸ ಬಾಕ್ಸು. ಬೇರೆ ಕಥೆ ಹೇಳು.”

ಬೋಲ್ಟು ಜಾರುವ ಕಾಲುವೆಗೆ ಬೆರಳಿಟ್ಟೆ.

ಬೆಳ್ಳಗೆ... ಗಟ್ಟಿ ತುಪ್ಪದ ಹಾಗೆ. ಮೂಗಿನ ಹತ್ತಿರ ತಂದೆ.

ತೆಂಗಿನೆಣ್ಣೆ.

ಐರೀನಕ್ಕನ ಕಡೆ ನೋಡಿದೆ. ಅವರು ಕಣ್ಣು ಕೆಳಗೆ ಹಾಕಿದರು.

“ಏನದು ವಾಸನೆ?” ಎಂದ ಉದಯಶಂಕರ್.

“ಅಕ್ಕನ ತಲೀದು.”

ಒರೆಸಿದರೆ ಮುಗಿಯಿತು, ರೈಫಲ್ ಸರಿ. ಆದರೆ ಪೈಯಸ್ ಸಾಯುತ್ತಾರೆ. ಒರೆಸದೆ ಬಿಟ್ಟರೆ ಐರೀನಕ್ಕ, ಇಲ್ಲೇ, ನನ್ನ ಕಣ್ಣೆದುರೇ.

ಟೇಬಲ್ ಕೆಳಗೆ ನನ್ನ ಕಾಲಿಗೆಂದು ಇಟ್ಟುಕೊಂಡ ಫ್ಯಾನ್ ಹೀಟರ್ ಗುರುಗುಡುತ್ತಿತ್ತು. ಬೋಲ್ಟನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಬಿಸಿಗಾಳಿ ನೇರ ಅದಕ್ಕೇ ಬಡಿಯುವ ಹಾಗೆ ಕೂತೆ. ರೈಫಲ್ಲಿನ ಮೈಯನ್ನೂ ಹಾಗೇ ಓರೆಯಾಗಿ ಹಿಡಿದೆ. ಮೇಲೆ ಕೈಯಲ್ಲಿ ಹೊಸ ಸ್ಪ್ರಿಂಗ್ ಹಿಡಿದು ನಾಟಕ. ಬಿಳಿ ಎಣ್ಣೆ ಕರಗಿತು, ನೀರಾಯಿತು.

“ಸ್ಪ್ರಿಂಗ್ ಬದಲಿ ಮಾಡೀನಿ. ಹೊಡದ್ ನೋಡು.”

ಒಂದು ಕೈಯಲ್ಲಿ ಐರೀನಕ್ಕನ ಜಡೆ ಸುತ್ತಿ ಹಿಡಿದು, ಇನ್ನೊಂದರಲ್ಲಿ ರೈಫಲ್ ಎತ್ತಿ ಹೊಡೆದ. ಒಂದರ ಹಿಂದೆ ಒಂದು, ಬೆಣ್ಣೆಯ ಹಾಗೆ ಓಡಿತು. ಖಾಲಿ ತೋಟಾಗಳು ನೆಲದ ಮೇಲೆ ಕುಣಿದವು.

“ನಿನ್ ಕೈ ಬಂಗಾರ ಕಣೋ.”

ನಮ್ಮಿಬ್ಬರನ್ನೂ ಬಂದೂಕು ಇಡುವ ಕಬ್ಬಿಣದ ಜಾಲರಿ ಕೋಣೆಗೆ ದೂಡಿದ. ಫೋನ್ ಕಿತ್ತುಕೊಂಡ. ಬೀಗ ಹಾಕಿದ.

“ಕೈ ಕೊಡ್ತೋ, ವಾಪಸ್ ಇಲ್ಲಿಗೇ ಬರ್ತೀನಿ.”

ವ್ಯಾನ್ ಹೋಯಿತು.

ಆಗ ಐರೀನಕ್ಕ ಅಳುತ್ತಾ ಬಾಯಿ ಬಿಟ್ಟರು. “ಶುಕ್ರವಾರ ನಾನೇ ಹಾಕಿದ್ದು ಮಾರಾಯ. ಆ ಗನ್ ಆಯಿಲ್ ವಾಸನೆಗೆ ನನಗೆ ತಲೆ ನೋಯ್ತದೆ. ಊರಲ್ಲಿ ಪಪ್ಪ ಕೋವಿಗೆ ಇದನ್ನೇ ಹಚ್ಚಿದ್ದು. ಒಂದು ದಿವಸ ಕೂಡ ಕೈ ಕೊಡ್ಲಿಲ್ಲ.”

“ಊರಾಗ ಚಳಿ ಎಲ್ಲೈತ್ರಿ ಅಕ್ಕಾ. ಇಲ್ಲಿ ಜನವರಿ. ಎಣ್ಣಿ ಕಲ್ಲಾಗ್ತೈತಿ. ನಾ ಒರಸಿಲ್ಲ, ಕಾಯಿಸೀನಿ ಅಷ್ಟ. ಅವ ಗುರಿ ಹಿಡೀಬೇಕಂದ್ರ ವ್ಯಾನಿನ ಕಿಡಕಿ ತಗೀಬೇಕು. ಚಳಿಗೆ ಮತ್ತ ಹೆಪ್ಪುಗಟ್ಟತೈತಿ.”

ಕಣ್ಣೊರೆಸಿಕೊಂಡರು.

“ಹೋಗುವ ದಾರಿಯಲ್ಲಿ ಹೀಟರ್ ಹಾಕ್ಲಿಕ್ಕಿಲ್ವಾ ಅವನು?”

ಅದು ನನಗೆ ಹೊಳೆದೇ ಇರಲಿಲ್ಲ.

“ಹಾಕ್ತಾನ.”

“ಮತ್ತೆ?”

“ಅಲ್ಲಿ ನಿಂತ ಮ್ಯಾಲ ಆರಬೇಕು. ಪೂಜಿ ಬಾಳ ಹೊತ್ತು ನಡದ್ರ ಆರತೈತಿ.”

“ಫಾದರ್ ಪ್ರಸಂಗ ಉದ್ದ ಮಾಡಿದ್ರೆ?”

“ಹೌದ್ರಿ.”

“ಪ್ರತಿ ಆದಿತ್ಯವಾರ ನಾನು ಅದಕ್ಕೇ ಗೊಣಗುವುದು, ಎಂತ ಮಾರಾಯ ಇಷ್ಟುದ್ದ ಅಂತ.” ಜಪಸರ ತೆಗೆದರು. “ಮೊದಲನೇ ಗುಂಡು?”

ನಾನು ಎದ್ದು ಬೀಗದ ಹತ್ತಿರ ಹೋದೆ.

ಬೋಲ್ಟು ಗಟ್ಟಿಯಾದರೂ ಮೊದಲನೆಯದು ಹಾರಿಯೇ ಹಾರುತ್ತದೆ. ಅದು ಈಗಾಗಲೇ ಒಳಗಿದೆ. ಅದನ್ನು ತಡೆಯುವುದು ನನ್ನ ಕೈಯಲ್ಲಿರಲಿಲ್ಲ, ಯಾರ ಕೈಯಲ್ಲೂ ಇರಲಿಲ್ಲ. ಬೀಗಕ್ಕೆ ಒದ್ದೆ. ಸರಳಿಗೆ ಭುಜ ಕೊಟ್ಟೆ. ಗಂಟಲು ಹರಿಯುವ ಹಾಗೆ ಕೂಗಿದೆ. ಕಬ್ಬಿಣ ಕದಲಲಿಲ್ಲ. ಆ ಜಾಲರಿಗೆ ಬೆಸುಗೆ ಹಾಕಿದವನು ನಾನೇ, ಎಷ್ಟು ಗಟ್ಟಿ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು...

ಆಮೇಲೆ ನೆಲದ ಮೇಲೆ ಕೂತೆವು. ಜಪಸರದ ಮಣಿಗಳ ಸದ್ದು. ಬೆಳಿಗ್ಗೆಯಿಂದ ಮೊದಲ ಸಲ ಹೊರಗೆ ಇನ್ನೂ ಜಾಸ್ತಿ ಚಳಿಯಾಗಲಿ ಎಂದು ಬೇಡಿಕೊಂಡೆ.

ಹೊರಗೆ ಒಂದು ಗಾಡಿ ನಿಂತಿತು.

ಐರೀನಕ್ಕ ನನ್ನ ತೋಳು ಹಿಡಿದರು. ಉಗುರು ಚರ್ಮದೊಳಗೆ ಇಳಿಯಿತು. ರೈಫಲ್ ಕೈ ಕೊಟ್ಟಿದ್ದರೆ ಇದು ಅವನೇ. ಕೊಡದಿದ್ದರೂ...

ಶಟರ್ ಮೇಲೆದ್ದಿತು.

ಪೊಲೀಸ್. ಹೆಣ್ಣುಮಗಳು.

“ಪೈಯಸ್ ಈಸ್ ಅಲೈವ್,” ಎಂದಳು. ಮುಂದಿನ ಮಾತು ಕೇಳುವ ಮೊದಲೇ ಐರೀನಕ್ಕ ಕುಸಿದರು.

ಒಂದೇ ಒಂದು ಗುಂಡು ಹಾರಿತಂತೆ. ಪೈಯಸ್ ಅವರ ಬಲಭುಜ ಹರಿದುಕೊಂಡು ಹೋಯಿತಂತೆ. ಆಮೇಲೆ ಉದಯಶಂಕರ್ ಬೋಲ್ಟು ಎಳೆಯುತ್ತಲೇ ಇದ್ದನಂತೆ, ಪೊಲೀಸರು ವ್ಯಾನಿನ ಬಾಗಿಲು ತೆಗೆದು ಅವನನ್ನು ಕೆಳಗೆ ಕೆಡವುವವರೆಗೂ. ಫಾದರ್ ಅವತ್ತು ಉದ್ದದ ಪ್ರಸಂಗ ಮುಗಿಸಿ ಚರ್ಚಿನ ಚಾವಣಿ ರಿಪೇರಿಯ ಮಾತನ್ನೂ ಆಡಿದ್ದರು. ದೇವರು ಅವರಿಗೆ ಒಳ್ಳೆಯದು ಮಾಡಲಿ.

ಪೈಯಸ್‌ಗೆ ಬಲಗೈ ಈಗಲೂ ಮೇಲೇಳುವುದಿಲ್ಲ. ಏಳುವುದೂ ಇಲ್ಲ ಎಂದಿದ್ದಾರೆ ಡಾಕ್ಟರು. ಎರಡನೆಯದನ್ನು ತಡೆದೆ ಎಂದು ಕಿಂಗ್ಸ್‌ಬರಿಯವರೆಲ್ಲ ನನ್ನ ಬೆನ್ನು ತಟ್ಟುತ್ತಾರೆ. ಮೊದಲನೆಯದನ್ನು ಹೂಡಿ ಕೊಟ್ಟವನೂ ನಾನೇ ಎಂದು ಯಾರೂ ಹೇಳುವುದಿಲ್ಲ.

ಪೈಯಸ್ ಅವರ ತಲೆಗೆ ತೆಂಗಿನೆಣ್ಣೆ ಹಚ್ಚುವುದು ಈಗ ಐರೀನಕ್ಕನೇ. ಚಳಿಗೆ ಹೆಪ್ಪುಗಟ್ಟಿದ ಬಾಟಲಿಯನ್ನು ಕರಗಿಸಲು ನನ್ನ ಹೀಟರಿನ ಮುಂದೆ ತಂದಿಡುತ್ತಾರೆ... ನಾನು ಎದ್ದು ಹೊರಗೆ ಹೋಗಿ ಚಳಿಯಲ್ಲಿ ನಿಲ್ಲುತ್ತೇನೆ.