ಅಪ್ಪಾಓ, ಹಿಟ್ಟಿಗೆ ಬಾ

ನಮ್ಮೂರು ಇತ್ತಲಾರಿನಿಂದ ಊಟಿಗೆ ಹೊರಟ ಮಿನಿಬಸ್ಸು. ಪಕ್ಕದಲ್ಲಿ ಅಪ್ಪ, ಮುಂದಿನ ಸೀಟಿನಲ್ಲಿ ಸುಂದರ್. ನನ್ನ ಜೀವ ಬಾಯಿಗೆ ಬಂದಿತ್ತು.

ನೋಡಬಾರದು ಅಂದುಕೊಂಡೇ ನೋಡಿದೆ. ಡ್ರೈವರ್ ತಲೆ ಮೇಲಿನ ಕನ್ನಡಿಯಲ್ಲಿ ಕಳ್ಳ ಸುಂದರ್ ಆಗಲೇ ನನ್ನನ್ನು ನೋಡುತ್ತಿದ್ದ. ಕಣ್ಣಲ್ಲೇ ನಕ್ಕ. ನಾನು ಶಾಲಿನೊಳಗೆ ಮುಖ ಹುದುಗಿಸಿದೆ.

ಆದರೆ ನನ್ನ ಹೆದರಿಕೆಯೆಲ್ಲ ಅವನ ಹಾಡಿನದು.

ಸುಂದರ್ ಪಕ್ಕದ ಹಟ್ಟಿಯವನು, ಟೀ ಫ್ಯಾಕ್ಟರಿಯಲ್ಲಿ ರೋಲರ್ ಮೆಷಿನ್ ನೋಡಿಕೊಳ್ಳುತ್ತಿದ್ದ. ಹಾಡು ಕಟ್ಟೋಕೆ ತಬಲಾ ಬೇಡ, ಕೀಬೋರ್ಡ್ ಬೇಡ, ಮೆಷಿನ್ ಸದ್ದೇ ತಾಳವಾಗಬೇಕು ಎಂಬ ಹುಚ್ಚು ಅವನಿಗೆ.

"ವಸಂತಿ, ನೀನು ಹಾಡು. ಸುಮ್ನೆ ಟ್ರೈ ಮಾಡೋಣ."

ಅವನು ಹಾಗೆ ಕೇಳಿದರೆ ನನಗೆ ಬೇಡ ಅನ್ನಲು ಬರುವುದಿಲ್ಲ. ಫ್ಯಾಕ್ಟರಿ ಹಿಂದೆ ನಿಂತು ಅವನ ಟೇಪ್ ರೆಕಾರ್ಡರ್ ಮುಂದೆ ಹಾಡಿದೆ. ಮುಗಿಯುವಾಗ ಊಟದ ಹೊತ್ತು. ಎದುರು ಗುಡ್ಡದ ತೋಟದಲ್ಲಿ ಅಪ್ಪ ಇನ್ನೂ ಬಗ್ಗಿಕೊಂಡಿದ್ದರು. ಅಭ್ಯಾಸಬಲ, ಕೂಗಿಬಿಟ್ಟೆ. "ಅಪ್ಪಾಓ... ಹಿಟ್ಟಿಗೆ ಬಾ!" ದೂರದಿಂದ ಅವರ "ಓ, ಬಂದೇ" ಸಣ್ಣಗೆ ಬಂತು.

ಟೇಪ್ ಓಡುತ್ತಲೇ ಇತ್ತು. "ಇದೂ ಇರಲಿ, ಚೆನ್ನಾಗಿದೆ," ಅಂದ ಸುಂದರ್. ಇದನ್ನೆಲ್ಲ ಯಾರು ಕೇಳುತ್ತಾರೆ ಎಂದು ನಾನೂ ಒಪ್ಪಿದೆ. ಹೆಸರು ಮಾತ್ರ ಹಾಕಬೇಡ ಅಂದೆ.

ಆದರೆ ಗುರುತು ಹಿಡಿಯಲು ಹೆಸರು ಯಾಕೆ ಬೇಕು? ನಮ್ಮ ಕಡೆ ಒಂದೊಂದು ಮನೆಯ ಕೂಗಿಗೂ ಒಂದೊಂದು ರಾಗ. ನಮ್ಮ ಮನೆಯದು ಅಮ್ಮನ ರಾಗ. ಅಮ್ಮ ಹೋದ ಮೇಲೆ ಅದು ನನಗೆ ಬಂತು.

ಸುಂದರ್ ಕೊಟ್ಟ ಟೇಪನ್ನು ಊಟಿಯ ಕ್ಯಾಸೆಟ್ ಅಂಗಡಿಯವರು ಮಾರತೊಡಗಿದ್ದೇ ತಡ, ಮದುವೆಮನೆ, ಜೀಪು, ಟೀ ಅಂಗಡಿ ಎಲ್ಲೆಲ್ಲೂ ಅದೇ ಹಾಡು. ಕೊನೆಯ ಕೂಗಿಗಾಗಿಯೇ ಜನ ಮತ್ತೆ ಮತ್ತೆ ಹಾಕಿಸುತ್ತಿದ್ದರು. ಹಟ್ಟಿಗೆಲ್ಲ ಅದು ನನ್ನ ದನಿ ಎಂದು ಗೊತ್ತು. ತೋಟ ಬಿಟ್ಟು ಕದಲದ ಸಿಡುಕಿನ ಹಾಲನ್‌ಗೆ, ಅಂದರೆ ನಮ್ಮಪ್ಪನಿಗೆ, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಶುಕ್ರವಾರ ಕೋತಗಿರಿಯಿಂದ ಗಂಡಿನವರು ನನ್ನನ್ನು ನೋಡಲು ಬರುವವರಿದ್ದರು. ಅದಕ್ಕೇ ಸೀರೆ ತರಲು ಹೊರಟಿದ್ದೆವು. ಸುಂದರನ ಜೊತೆ ಹಾಡಿದ್ದು ಗೊತ್ತಾದರೆ ಅಪ್ಪ ಅವತ್ತೇ ಆ ಗಂಡಿಗೆ ನನ್ನ ಮದುವೆ ನಿಶ್ಚಯ ಮಾಡಿಬಿಡುತ್ತಾರೆ.

ಕಂಡಕ್ಟರ್ ಚಂದ್ರನ್ ಕ್ಯಾಸೆಟ್ ತುರುಕಿದ. ಗಡಗಡ ಸದ್ದು.

"ಏನಾಯ್ತು, ಬಸ್ಸು ಕೆಟ್ಟಿತಾ?" ಅಂದರು ಅಪ್ಪ.

"ಹಾಡು ಅಪ್ಪ," ಅಂದೆ.

ಅಪ್ಪ ತೂಕಡಿಸತೊಡಗಿದರು. ದೇವರೇ, ಗಾಢ ನಿದ್ದೆ ಬರಲಿ ಎಂದು ಬೇಡಿಕೊಂಡೆ. ಅಂಥ ಚಳಿಯಲ್ಲೂ ಸುಂದರನ ಕುತ್ತಿಗೆ ಬೆವರಿತ್ತು.

"ಅಪ್ಪಾಓ... ಹಿಟ್ಟಿಗೆ ಬಾ!"

"ಓ... ಬಂದೇ!" ಅಪ್ಪ ನಿದ್ದೆಗಣ್ಣಲ್ಲೇ ಎದ್ದು ನಿಂತುಬಿಟ್ಟರು.

ಬಸ್ಸೆಲ್ಲ ಗೊಳ್ಳೆಂದಿತು. ಅಪ್ಪ ನನ್ನ ಕಡೆ ತಿರುಗಿದ್ದೇ ನಗು ನಿಂತುಹೋಯಿತು. ನಾನು ಅಳುತ್ತಿದ್ದೆ.

"ನಿಮ್ಮಮ್ಮನ ರಾಗ," ಅಂದರು. ದನಿ ಒಡೆದಿತ್ತು. ಆಮೇಲೆ, "ಇದನ್ನ ಮಾಡಿದ್ದು ಯಾರು?"

ಸುಂದರ್ ಎದ್ದ. ಸೀಟಿನ ಕಂಬಿ ಹಿಡಿದುಕೊಂಡ. "ನಾನು, ಮಾವ. ನಂಗೆ ವಸಂತಿ ಅಂದ್ರೆ ಇಷ್ಟ."

ಇಡೀ ಬಸ್ಸಿನೆದುರು! ನಾಚಬೇಕೋ ಸಾಯಬೇಕೋ ತಿಳಿಯಲಿಲ್ಲ. ಅಪ್ಪ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಬಸ್ಸು ಒಂದು ತಿರುವು ದಾಟಿತು. ಇನ್ನೊಂದೂ ದಾಟಿತು.

"ಕೋತಗಿರಿ ದೂರ," ಅಂದರು ಕೊನೆಗೆ. "ನಿಮ್ಮ ಮನೆಯಿಂದ ಇವಳು ಕೂಗಿದ್ರೆ ನನ್ನ ತೋಟಕ್ಕೆ ಕೇಳುತ್ತಾ?"

"ಕೇಳುತ್ತೆ, ಮಾವ."

"ಹಾಗಾದ್ರೆ ಕೂತ್ಕೊ. ಬಿದ್ದುಬಿಟ್ಟೀಯ."